ನೆಲಕ್ಕೆ ಹೋಗಬೇಕಿದ್ದ ಹಾಲು

ಹೆಮ್ದಾ ಹಸುವಿನ ಕೆಚ್ಚಲನ್ನು ಅಂಗೈಯಿಂದ ಮುಟ್ಟಿ ನೋಡುವುದಿಲ್ಲ. ಮುಂಗೈಯ ಹಿಂಬದಿಯನ್ನು ತಾಗಿಸುತ್ತಾಳೆ. ಬಿಸಿನೀರು, ಅಯೋಡಿನ್ ಮತ್ತು ರಬ್ಬರ್ ಕೊಳವೆಗಳ ನಡುವೆ ಸವೆದ ಅಂಗೈಗೆ ಈಗ ಹಸುವಿನ ಜ್ವರ ತಿಳಿಯುವುದಿಲ್ಲ. ಭಾನುವಾರ ಮಧ್ಯಾಹ್ನದ ಪಾಳಿಯಲ್ಲಿ ಅವಳು ಹಾಗೆ ಕೈ ತಾಗಿಸಿ, ‘ಇವಳ ಹಿಂದಿನ ಎಡ ಮೊಲೆ ಬಿಸಿಯಾಗಿದೆ. ಇವಳ ಹಾಲು ಬೇರೆ ತೆಗೀಬೇಕು’ ಎಂದಳು.

ಹಾಲು ಕರೆಯುವ ಮನೆಯ ನಡುವೆ ಉದ್ದನೆಯ ತಗ್ಗು. ಅದರಲ್ಲಿ ನಿಂತರೆ ಎರಡೂ ಬದಿಯ ಕಟ್ಟೆಗಳ ಮೇಲಿನ ಹಸುಗಳ ಕೆಚ್ಚಲು ಎದೆಮಟ್ಟಕ್ಕೆ ಬರುತ್ತದೆ. ಎದುರು ಸಾಲನ್ನು ನೋಡಿಕೊಳ್ಳುತ್ತಿದ್ದವನು ಎಲ್ಯಾಕೀಮ್. ಅವನು ಆ ಹಸುವಿಗೆ ಬೇರೆ ಕ್ಯಾನು ತಂದು ಜೋಡಿಸಿ ಮತ್ತೆ ತನ್ನ ಸಾಲಿಗೆ ತಿರುಗಿಕೊಂಡ. ಹಿಂದಿನ ದಿನದಿಂದ ಅವನು ಹೆಮ್ದಾಳ ಜೊತೆ ಮಾತಾಡಿರಲಿಲ್ಲ. ಹಿಂದಿನ ದಿನ ಶನಿವಾರ, ಯೆಹೂದಿಗಳು ಕೆಲಸ ಮಾಡಬಾರದ ಶಬ್ಬಾತ್.

ಹೆಮ್ದಾಗೆ ಅರವತ್ತಾರು ವರ್ಷ. ಅವಳದು ನಿರ್ ಮಗಾಲ್ ಕಿಬ್ಬುತ್ಸ್, ಎಲ್ಲರೂ ಒಟ್ಟಾಗಿ ದುಡಿದು ಒಟ್ಟಾಗಿ ಉಣ್ಣುವ ಇಸ್ರೇಲಿನ ಹಳ್ಳಿ. ಎಲ್ಯಾಕೀಮ್ ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು, ಪಕ್ಕದ ಕ್ಫಾರ್ ಪಿನ್ಖಾಸ್ ಕಿಬ್ಬುತ್ಸ್‌ನವನು, ತಲೆಯ ಮೇಲೆ ಸದಾ ಹೆಣೆದ ನೂಲಿನ ಟೋಪಿ ಇರುತ್ತದೆ. ಎರಡು ಕಿಬ್ಬುತ್ಸ್‌ಗಳ ನಡುವೆ ಮೀನುಕೊಳಗಳ ಸಾಲು, ಅದರಾಚೆ ಪಾಪಾಸುಕಳ್ಳಿಯ ಹಳೆಯ ಬೇಲಿ. ಬೇಲಿ ನೆಟ್ಟವರು ಈ ಇಬ್ಬರ ಹಿರಿಯರಲ್ಲ, ಅಲ್ಲಿ ಮೊದಲಿದ್ದ ಅರಬ್ಬೀ ಹಳ್ಳಿಯವರು. ಅವರ ವಿಷಯ ಎರಡೂ ಕಡೆಯವರು ಹೆಚ್ಚು ಮಾತಾಡುವುದಿಲ್ಲ.

ನಿರ್ ಮಗಾಲ್ ಕಟ್ಟಿದವರು ದೇವರನ್ನು ಬಿಟ್ಟು ಬಂದವರು. ಹೆಮ್ದಾಳ ಅಪ್ಪ ಯೆರಖ್ಮಿಯೇಲ್ ಪೂರ್ವ ಯೂರೋಪಿನ ಗಲಿಷಿಯಾದ ರಬ್ಬಿ, ಅಂದರೆ ಧರ್ಮಗುರುವೊಬ್ಬರ ಮೊಮ್ಮಗ. ಎರಡು ಸಾವಿರ ವರ್ಷ ಮೇಲೆ ನೋಡುತ್ತ ಕೂತದ್ದೇ ಯೆಹೂದಿಗಳ ರೋಗ, ಬಗ್ಗಿ ನೆಲ ಅಗೆಯುವುದೇ ಅದಕ್ಕೆ ಮದ್ದು ಎಂದು ನಂಬಿದ್ದವನು. ಇಡೀ ದೇಶ ಉಪವಾಸವಿರುವ ಯೋಮ್ ಕಿಪ್ಪೂರ್ ದಿನ ನಿರ್ ಮಗಾಲ್‌ನ ಊಟದ ಮನೆಯಲ್ಲಿ ಎಂದಿನಂತೆ ಮಧ್ಯಾಹ್ನದ ಊಟ ಬಡಿಸುತ್ತಿದ್ದರು. ಯೆರಖ್ಮಿಯೇಲ್ ಆ ದಿನ ಹಟ ಹಿಡಿದು ಹಟ್ಟಿಯ ಪಾಳಿ ತೆಗೆದುಕೊಳ್ಳುತ್ತಿದ್ದ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಕ್ಫಾರ್ ಪಿನ್ಖಾಸ್‌ನವರಿಗೆ ಕಾಣುವ ಹಾಗೆ, ಬೆಣ್ಣೆ ಹಚ್ಚಿದ ರೊಟ್ಟಿ ತಿನ್ನುತ್ತಿದ್ದ. ಇನ್ನೊಂದು ಹಟವೂ ಅವನಿಗಿತ್ತು. ಕೂಲಿಯವರನ್ನು ಇಡಕೂಡದು. ಸ್ವಂತ ಕೈಯಿಂದ ಮಾಡಲಾಗದ ಕೆಲಸ ನಮ್ಮದಲ್ಲ ಎನ್ನುತ್ತಿದ್ದ. ಹೊರಗಿನಿಂದ ಒಬ್ಬ ನಲ್ಲಿ ಕೆಲಸದವನನ್ನು ಕರೆಸಬೇಕೇ ಎಂಬ ಸಭೆಯಿಂದ ಅವನು ಎದ್ದು ಹೋದದ್ದನ್ನು ಹಳಬರು ಈಗಲೂ ಹೇಳುತ್ತಾರೆ.

ಕ್ಫಾರ್ ಪಿನ್ಖಾಸ್‌ನವರೂ ಜಿಯೋನಿಸ್ಟರೇ, ಯೆಹೂದಿಗಳ ದೇಶ ಕಟ್ಟಲು ಬಂದವರೇ. ಅವರೂ ಅದೇ ಸೊಳ್ಳೆ, ಅದೇ ಮಲೇರಿಯಾ, ಅದೇ ಕಲ್ಲುಗಳ ನಡುವೆ ಬಂದು ಇಳಿದವರು. ಆದರೆ ಅವರಿಗೆ ನೆಲ ಅಗೆಯುವುದೂ ಪ್ರಾರ್ಥನೆಯ ಒಂದು ಭಾಗ. ಶಾಸ್ತ್ರ ಬಿಟ್ಟು ಕಟ್ಟಿದ ದೇಶ ಹತ್ತರಲ್ಲಿ ಹನ್ನೊಂದನೆಯ ದೇಶವಾಗುತ್ತದೆ ಅಷ್ಟೆ ಎಂಬುದು ಅವರ ವಾದ.

ಹೀಗಾಗಿ ಎರಡೂ ಊರುಗಳು ಕಾಲುವೆಯ ನೀರು ಹಂಚಿಕೊಂಡವು, ಟ್ರ್ಯಾಕ್ಟರ್ ಸಾಲ ಕೊಟ್ಟುಕೊಂಡವು, ಯುದ್ಧ ಬಂದಾಗ ಒಂದೇ ನೆಲಮಾಳಿಗೆಯಲ್ಲಿ ಮಲಗಿದವು. ಒಂದೇ ತಟ್ಟೆಯಲ್ಲಿ ಮಾತ್ರ ಎಂದೂ ತಿನ್ನಲಿಲ್ಲ.

ಎರಡು ಹಟ್ಟಿಗಳು ಒಂದಾದದ್ದು ಮೂರು ವರ್ಷದ ಹಿಂದೆ. ಹೊಸ ಸರ್ಕಾರಿ ನಿಯಮಗಳ ಪ್ರಕಾರ ಹಟ್ಟಿ ಕಟ್ಟಿಕೊಳ್ಳುವ ತಾಕತ್ತು ಯಾರೊಬ್ಬರಿಗೂ ಇರಲಿಲ್ಲ. ಒಂದಾಗದಿದ್ದರೆ ಎರಡೂ ಹಿಂಡುಗಳು ವ್ಯಾಪಾರಿಯ ಲಾರಿ ಹತ್ತಬೇಕಿತ್ತು. ಕ್ಫಾರ್ ಪಿನ್ಖಾಸ್ ಒಂದೇ ಒಂದು ಷರತ್ತು ಹಾಕಿತು. ಶಬ್ಬಾತ್ ದಿನ ಹಾಲನ್ನು ಶಾಸ್ತ್ರದ ರೀತಿಯಲ್ಲೇ ಕರೆಯಬೇಕು, ಅದು ಮುರಿದರೆ ಪಾಲುದಾರಿಕೆಯೂ ಮುರಿದಂತೆ.

ಶಬ್ಬಾತ್‌ನಲ್ಲಿ ಹಾಲು ಕರೆಯುವುದು ನಿಷಿದ್ಧ ಕೆಲಸ. ಆದರೆ ಕೆಚ್ಚಲು ಬಿಗಿದ ಹಸುವನ್ನು ನರಳಲು ಬಿಡುವುದೂ ತಪ್ಪು. ಹಾಗಾಗಿ ಹಾಲನ್ನು ನೆಲಕ್ಕೆ ಕರೆಯಬಹುದು. ನೆಲಕ್ಕೆ ಹೋದದ್ದು ಗಳಿಕೆಯಲ್ಲ. ಊರು ಕಟ್ಟಿದ ಮೊದಲ ವರ್ಷಗಳಲ್ಲಿ ಕ್ಫಾರ್ ಪಿನ್ಖಾಸ್‌ನವರು ನಿಜಕ್ಕೂ ನೆಲಕ್ಕೇ ಕರೆಯುತ್ತಿದ್ದರು. ಈಗ ಅದಕ್ಕೊಂದು ಯಂತ್ರವಿದೆ. ಹಾಲು ಹೀರುವ ಬಟ್ಟಲುಗಳನ್ನು ಕೈಯಿಂದ ಮೊಲೆಗೆ ಸಿಕ್ಕಿಸಿದಾಗ ಹಾಲು ಚರಂಡಿಗೆ ಹರಿಯುತ್ತದೆ. ಸ್ವಲ್ಪ ಹೊತ್ತಿಗೆ, ಶುಕ್ರವಾರವೇ ಹೊಂದಿಸಿಟ್ಟ ಗಡಿಯಾರವೊಂದು ತಾನಾಗಿ ಕೊಳವೆಯ ದಾರಿ ಬದಲಿಸಿ ಹಾಲನ್ನು ಟ್ಯಾಂಕಿಗೆ ಬಿಡುತ್ತದೆ. ಮನುಷ್ಯನ ಕೈ ಹಾಲನ್ನು ಪಾತ್ರೆಗೆ ತಂದಂತಾಗುವುದಿಲ್ಲ.

ಹೆಮ್ದಾ ಮೊದಲು ಇದನ್ನೆಲ್ಲ ಕೇಳಿ, ‘ದೇವರಿಗೂ ವಕೀಲರನ್ನ ಇಟ್ಟಿದೀರಲ್ರೋ’ ಎಂದಿದ್ದಳು. ಆಮೇಲೆ ಒಪ್ಪಿಗೆಗೆ ಕೈ ಎತ್ತಿದಳು. ಹಟ್ಟಿ ಉಳಿಯಬೇಕು ಎನ್ನುವುದು ಒಂದು ಕಾರಣ. ನಿರ್ ಮಗಾಲ್‌ನ ಖರ್ಜೂರದ ತೋಟದಲ್ಲಿ, ಮೀನುಕೊಳದಲ್ಲಿ ಈಗ ಥಾಯ್ಲೆಂಡಿನಿಂದ ಬಂದವರು ದುಡಿಯುತ್ತಾರೆ. ಊರಿನವರೇ ಕೈಯಾರೆ ಮಾಡುವ ಕೆಲಸವೆಂದು ಉಳಿದಿರುವುದು ಹಟ್ಟಿ ಒಂದೇ. ಅದನ್ನು ಹಾಗೇ ಉಳಿಸಿಕೊಳ್ಳಬೇಕು ಎನ್ನುವುದು ಅದಕ್ಕಿಂತ ದೊಡ್ಡ ಕಾರಣ.

ಶನಿವಾರ ಮಧ್ಯಾಹ್ನ ನಡೆದದ್ದು ಇಷ್ಟು. ಶಬ್ಬಾತ್ ಪಾಳಿ ಕ್ಫಾರ್ ಪಿನ್ಖಾಸ್‌ನವರದ್ದು. ಹೆಮ್ದಾ ಅಲ್ಲಿ ಇರಬೇಕಾಗಿರಲಿಲ್ಲ. ಹಿಂದಿನ ರಾತ್ರಿ ಈದಿದ್ದ ಒಂದು ಕಡಸನ್ನು ನೋಡಲು ಬಂದಿದ್ದಳು. ಹಾಲು ಕರೆಯುವ ಮನೆಯನ್ನು ಹಾಯುವಾಗ ಚರಂಡಿಯಲ್ಲಿ ಬಿಳಿ ಹರಿಯುವುದು ಕಂಡಿತು. ಬಟ್ಟಲು ಸಿಕ್ಕಿಸಿ ಬಹಳ ಹೊತ್ತಾಗಿದ್ದರೂ ಗಡಿಯಾರ ದಾರಿ ಬದಲಿಸಿರಲಿಲ್ಲ. ಕೆಟ್ಟು ನಿಂತಿತ್ತು. ತಗ್ಗಿನಲ್ಲಿ ಎಲ್ಯಾಕೀಮ್ ಮುಂದಿನ ಹಸುವಿನ ಕೆಚ್ಚಲು ತೊಳೆಯುತ್ತಿದ್ದ.

‘ಎಲ್ಯಾಕೀಮ್, ಗಡಿಯಾರ ನಿಂತಿದೆ.’

‘ನೋಡ್ದೆ.’

‘ನೋಡಿ?’

‘ನೋಡಿ ಏನ್ಮಾಡ್ಲಿ? ಇವತ್ತು ಶಬ್ಬಾತ್.’

ಅವನು ತೊಳೆಯುವುದನ್ನು ಮುಂದುವರಿಸಿದ. ಹೆಮ್ದಾ ಸ್ವಲ್ಪ ಹೊತ್ತು ಚರಂಡಿ ನೋಡಿದಳು. ಆಮೇಲೆ ಗೋಡೆಯ ಬಳಿ ಹೋಗಿ ಕೊಳವೆಯ ಹಿಡಿಯನ್ನು ಕೈಯಿಂದ ತಿರುಗಿಸಿದಳು. ಹಾಲು ಟ್ಯಾಂಕಿಗೆ ಬೀಳುವ ಸದ್ದು ಕೇಳಿತು. ‘ನೀನೇನೂ ಮಾಡ್ಲಿಲ್ಲ, ನಾನು ಮಾಡಿದ್ದು. ನಿಂಗೆ ಪಾಪ ಇಲ್ಲ’ ಎಂದು ಹೇಳಿ ಕಡಸಿನ ಕಡೆ ಹೋದಳು. ಟ್ಯಾಂಕಿನಲ್ಲಿ ಅದಾಗಲೇ ಬೆಳಗಿನ ಹಾಲಿತ್ತು. ಎರಡೂ ಬೆರೆತವು.

ಆ ಸಂಜೆ ಮೂರು ನಕ್ಷತ್ರ ಕಂಡು ಶಬ್ಬಾತ್ ಮುಗಿದ ಮೇಲೆ ಎಲ್ಯಾಕೀಮ್ ತಮ್ಮ ರಬ್ಬಿಯ ಮನೆಗೆ ಹೋದ. ಶಬ್ಬಾತ್‌ನಲ್ಲಿ ಯೆಹೂದಿಯೊಬ್ಬರು ಬೇಕೆಂದೇ ಮಾಡಿದ ಕೆಲಸದ ಫಲವನ್ನು ಮಿಕ್ಕವರು ದಿನ ಕಳೆದ ಮೇಲೆ ಬಳಸಬಹುದು ಎನ್ನುವ ಅಭಿಪ್ರಾಯ ಇದೆ ಎಂದು ರಬ್ಬಿ ಹೇಳಿದರು. ಆದರೆ ಇಬ್ಬರು ಪಾಲುದಾರರಲ್ಲಿ ಒಬ್ಬರು ಹಿಡಿ ತಿರುಗಿಸುವುದು, ಇನ್ನೊಬ್ಬರು ಕಣ್ಣು ಮುಚ್ಚುವುದು ರೂಢಿಯಾದರೆ ಆ ಷರತ್ತಿಗೆ ಅರ್ಥವೇನು ಎಂದೂ ಕೇಳಿದರು. ಟ್ಯಾಂಕಿನಲ್ಲಿ ತಮ್ಮ ಪಾಲು ಬೇಡ ಎಂದು ಕ್ಫಾರ್ ಪಿನ್ಖಾಸ್ ಹೇಳಿ ಕಳಿಸಿತು. ಬುಧವಾರಕ್ಕೆ ಎರಡೂ ಊರಿನವರ ಸಭೆ ಕರೆಯಲಾಯಿತು.

ಭಾನುವಾರ ಕೊನೆಯ ಸಾಲು ಹೊರಗೆ ಹೋದ ಮೇಲೆ, ಇಬ್ಬರೂ ನೀರಿನ ಪೈಪು ಹಿಡಿದು ಕಟ್ಟೆ ತೊಳೆಯುವಾಗ, ಎಲ್ಯಾಕೀಮ್ ತಾನಾಗಿ ಮಾತು ಶುರುಮಾಡಿದ.

‘ನೀನು ನಮ್ಮ ಮೇಲಿನ ಸಿಟ್ಟಿಗೆ ಮಾಡಿದ್ರೆ ನಂಗೆ ಇಷ್ಟು ಬೇಜಾರಾಗ್ತಿರ್ಲಿಲ್ಲ. ಉಪಕಾರ ಮಾಡೋಕೆ ಹೋದೆ ನೋಡು, ಅದು.’

‘ಉಪಕಾರನೂ ನಿಷಿದ್ಧನಾ ನಿಮ್ಮಲ್ಲಿ?’

‘ನಮ್ಮಜ್ಜಿ ಪೋಲೆಂಡಲ್ಲಿದ್ದಾಗ ಶಬ್ಬಾತ್ ಬೆಳಗ್ಗೆ ಒಲೆ ಹಚ್ಚೋಕೆ ಪಕ್ಕದ ಮನೆ ಸ್ಟಾಷೆಕ್ ಬರ್ತಿದ್ದ. ಅವನು ಗೋಯ್, ಯೆಹೂದಿ ಅಲ್ಲ, ಅವನಿಗೆ ನಿಯಮ ಇಲ್ಲ. ಒಂದು ತುಂಡು ಸಿಹಿ ರೊಟ್ಟಿ ಕೊಟ್ಟು ಕಳಿಸೋರು. ಅಜ್ಜಿಗೆ ಅದೇ ನಾಚಿಕೆ. ನಮ್ಮ ಧರ್ಮ ನಡೀಬೇಕಾದ್ರೆ ಅದನ್ನ ಪಾಲಿಸದ ಇನ್ನೊಬ್ಬ ಪಕ್ಕದಲ್ಲಿ ಇರ್ಲೇಬೇಕಾ ಅಂತ. ಇಲ್ಲಿಗೆ ಬಂದದ್ದೇ ಅದಕ್ಕೆ. ಕರೆಂಟು, ನೀರು, ಹಸು, ಪೊಲೀಸು ಎಲ್ಲ ನಾವೇ ನಡೆಸ್ಬೇಕು, ಶಾಸ್ತ್ರ ಬಿಡ್ದೆ ನಡೆಸ್ಬೇಕು. ಇಲ್ಲಿ ಮಕ್ಕಳು ಹಸಿದಿದ್ದಾಗ್ಲೂ ಶಬ್ಬಾತ್ ಹಾಲು ನೆಲಕ್ಕೆ ಸುರಿದ್ಲು ಅಜ್ಜಿ. ಆಗ ನಿಮ್ಮಪ್ಪನ್ನ ಕರೆದಿದ್ರೆ ಖುಷಿಯಾಗಿ ಬಂದು ಹಾಲು ಕರೆದು ಕೊಡ್ತಿದ್ದ. ಕರೀಲಿಲ್ಲ. ನಿನ್ನೆ ನೀನು ಕರೀದೇನೇ ಬಂದು ಸ್ಟಾಷೆಕ್ ಆಗ್ಬಿಟ್ಟೆ.’

‘ನಂಗೆ ರೊಟ್ಟಿ ತುಂಡೂ ಸಿಗ್ಲಿಲ್ವಲ್ಲೋ.’

ಎಲ್ಯಾಕೀಮ್ ನಗುವುದನ್ನು ತಡೆದುಕೊಂಡ. ‘ತಮಾಷೆ ಅಲ್ಲ ಹೆಮ್ದಾ. ಸ್ಟಾಷೆಕ್‌ಗೆ ನಿಯಮ ಇರ್ಲಿಲ್ಲ. ನಿನಗಿದೆ.’

‘ನನಗಿಲ್ಲ. ನಮ್ಮಪ್ಪ ಅದನ್ನ ಬಿಟ್ಟೇ ಹಡಗು ಹತ್ತಿದ್ದು.’

‘ಬಿಟ್ರೆ ಹೋಗುತ್ತಾ? ಕಳಚಿ ಇಡೋಕೆ ಅದೇನು ಕೋಟೇ?’

‘ಹೋಯ್ತಲ್ಲ, ನೋಡು. ನಾನಿಲ್ಲಿ ನಿಂತಿದೀನಿ, ಯೆಹೂದಿಯಾಗೇ ನಿಂತಿದೀನಿ, ಮಗನ್ನ ಸೈನ್ಯಕ್ಕೂ ಕಳಿಸಿದೀನಿ. ಎಲ್ಲಿ ಕಡಿಮೆಯಾಯ್ತು? ಎಲ್ಯಾಕೀಮ್, ನಾವು ಊರಿನ ಮಕ್ಕಳೆಲ್ಲ ಒಟ್ಟಿಗೆ ಶಿಶುಗೃಹದಲ್ಲಿದ್ದಾಗ ದಿನಕ್ಕೆ ಅರ್ಧ ಲೋಟ ಹಾಲು. ಲೋಟದ ತಳದಲ್ಲಿ ಉಳಿದದ್ದನ್ನ ಬೆರಳಲ್ಲಿ ತೆಗೆದು ನೆಕ್ಕೋದನ್ನ ಕಲಿಸಿದ್ರು ನಮಗೆ. ಇದಕ್ಕಿಂತ ದೊಡ್ಡ ನಿಯಮ ನಂಗೊತ್ತಿಲ್ಲ. ಕಣ್ಣೆದುರಿಗೆ ಹಾಲು ಚರಂಡಿಗೆ ಹೋಗ್ತಿದ್ರೆ ನನ್ನ ಕೈ ನನ್ನ ಮಾತು ಕೇಳಲ್ಲ.’

‘ನನ್ನ ಕೈ ಕೇಳುತ್ತೆ ಅಂದ್ಕೊಂಡ್ಯಾ?’ ಎಂದ ಎಲ್ಯಾಕೀಮ್. ‘ನಿನ್ನೆ ಆ ಕೆಚ್ಚಲನ್ನ ನಾಲ್ಕು ಸಲ ತೊಳೆದೆ. ಕೈಗೆ ಏನಾದ್ರೂ ಕೆಲಸ ಬೇಕಿತ್ತು.’

ಇಬ್ಬರೂ ಪೈಪು ಸುತ್ತಿಟ್ಟು ತಮ್ಮ ತಮ್ಮ ಊರಿಗೆ ಹೋದರು.

ನಿರ್ ಮಗಾಲ್‌ನ ಊಟದ ಮನೆಯಲ್ಲಿ ಆ ವಾರ ಹೆಮ್ದಾಗೆ ಮರ್ಯಾದೆ ಜಾಸ್ತಿಯಾಗಿತ್ತು. ಗೆದಲ್ಯಾ ಅವಳ ಜೊತೆ ಶಿಶುಗೃಹದಲ್ಲಿ ಬೆಳೆದವನು, ಹಳೆಯ ಟ್ರ್ಯಾಕ್ಟರ್ ಚಾಲಕ. ಸೌತೆಕಾಯಿ, ಟೊಮೆಟೊ ಸಣ್ಣಗೆ ಹೆಚ್ಚುತ್ತ ಇಡೀ ಮೇಜಿಗೆ ಕೇಳುವಂತೆ ಮಾತಾಡಿದ.

‘ಬಾಮ್ಮ ಬಾ. ಯೆರಖ್ಮಿಯೇಲ್ ಮಗಳು ಅಂದ್ರೆ ಇದು! ನಿಮ್ಮಪ್ಪ ಇದ್ದಿದ್ರೆ ಆ ಹಿಡಿಗೆ ಬಂಗಾರದ ಬಣ್ಣ ಹೊಡಿಸ್ತಿದ್ದ.’

‘ನಮ್ಮಪ್ಪ ಇದ್ದಿದ್ರೆ ನಿನ್ನ ಮೊದ್ಲು ಹಟ್ಟಿ ಪಾಳಿಗೆ ಹಾಕ್ತಿದ್ದ. ಎಷ್ಟು ವರ್ಷ ಆಯ್ತೋ ನೀನು ಸಗಣಿ ತುಳಿದು?’

‘ನನ್ನ ಮಂಡಿ ನೋಡೇ.’

‘ನಿನ್ನ ಮಂಡಿ ಈಜುಕೊಳಕ್ಕೆ ಚೆನ್ನಾಗೇ ನಡೀತದೆ.’

ಮೇಜಿನವರು ನಕ್ಕರು. ಗೆದಲ್ಯಾ ನಗಲಿಲ್ಲ. ‘ನೀನು ಬುಧವಾರ ಬಗ್ಗಬಾರದು ಕಣೇ. ಇವತ್ತು ಹಿಡಿ ಮುಟ್ಟಬೇಡ ಅಂತಾರೆ, ನಾಳೆ ಶಬ್ಬಾತ್ ದಿನ ಬಸ್ಸು ಬಿಡಬೇಡ, ನಾಡಿದ್ದು ರಬ್ಬಿ ಇಲ್ದೆ ಮದುವೆ ಆಗಬೇಡ. ಸರ್ಕಾರದಲ್ಲಿ ಕೂತಿರೋದು ಅವರೇ. ಈಗ ಹಟ್ಟಿಗೂ ಬಂದ್ರು.’

ಕಾರ್ಯದರ್ಶಿ ಓಫಿರ್ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ. ಮೂವತ್ತೈದರ ಹುಡುಗ, ಎರಡೂ ಊರಿನ ಹಟ್ಟಿಯ ವ್ಯವಹಾರ ಅವನ ಕೈಯಲ್ಲಿದೆ. ‘ಯಾರೂ ಬಗ್ಗೋದು ಬೇಡ. ದಾರಿ ಇದೆ’ ಎಂದ. ‘ಶಬ್ಬಾತ್‌ಗೆ ಥಾಯ್ಲೆಂಡಿನ ಇಬ್ಬರನ್ನ ಹಾಕೋದು. ಅವರಿಗೆ ನಿಯಮ ಇಲ್ಲ, ಹಸುಗೂ ನೋವಿಲ್ಲ. ಅವರ ರಬ್ಬಿನೂ ಆಗಬಹುದು ಅಂದಿದಾರೆ. ಸುತ್ತಮುತ್ತ ಎಲ್ಲ ಹಟ್ಟಿಲೂ ಹೀಗೇ ನಡೀತಿರೋದು.’

ಗೆದಲ್ಯಾಗೆ ಇದು ಹಿಡಿಸಿತು. ಹೆಮ್ದಾ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

‘ಶಬ್ಬಾತ್‌ಗೆ ಇಬ್ಬರು ಅಂತ ಬರ್ತಾರೆ’ ಎಂದಳು. ‘ಆಮೇಲೆ ಶುಕ್ರವಾರ ರಾತ್ರಿಗೂ ಅವರೇ ಇರ್ಲಿ ಅಂತೀರಿ. ಆಮೇಲೆ ಬೆಳಗಿನ ಜಾವಕ್ಕೆ. ಖರ್ಜೂರದ ತೋಟದಲ್ಲಿ ಹೀಗೇ ಆಯ್ತು. ಅಲ್ಲಿ ಮರ ಹತ್ತೋಕೆ ಬರೋನು ನಮ್ಮೂರಲ್ಲಿ ಈಗ ಒಬ್ಬನಾದ್ರೂ ಇದಾನಾ?’

‘ಹೆಮ್ದಾ, ಕಾಲ ಬದಲಾಗಿದೆ.’

‘ಕಾಲ ತಾನಾಗಿ ಬದಲಾಗಲ್ಲಪ್ಪ. ಯಾರೋ ಸಭೆ ಕರೆದು ಬದಲಾಯಿಸ್ತಾರೆ.’

ಬುಧವಾರ ಸಂಜೆ ನಿರ್ ಮಗಾಲ್‌ನ ಊಟದ ಮನೆಯಲ್ಲೇ ಸಭೆ. ಕ್ಫಾರ್ ಪಿನ್ಖಾಸ್‌ನವರು ಎಂದಿನಂತೆ ತಮ್ಮ ಚಹಾದ ಫ್ಲಾಸ್ಕು, ಕಾಗದದ ಲೋಟ, ಬಿಸ್ಕತ್ತು ತಂದು ಮೇಜಿನ ಒಂದು ತುದಿಯಲ್ಲಿ ಇಟ್ಟುಕೊಂಡರು. ನಿರ್ ಮಗಾಲ್‌ನವರಿಗೂ ಕೊಟ್ಟರು. ಇತ್ತಲಿಂದ ಅತ್ತ ಹಣ್ಣು ಮಾತ್ರ ಹೋಯಿತು, ಶಾಸ್ತ್ರ ಪಾಲಿಸದ ಅಡುಗೆಮನೆಯ ಚಾಕು ತಾಗದಂತೆ, ಕತ್ತರಿಸದೆ.

ಓಫಿರ್ ತನ್ನ ಪ್ರಸ್ತಾಪ ಮುಂದಿಟ್ಟ. ಎರಡೂ ಕಡೆ ತಲೆಗಳು ಆಡಿದವು. ಸಭೆ ಬೇಗ ಮುಗಿಯುವ ಲಕ್ಷಣವಿತ್ತು. ಆಗ ಎಲ್ಯಾಕೀಮ್ ಎದ್ದು ನಿಂತ.

‘ರಬ್ಬಿ ಆಗಬಹುದು ಅಂದಿದಾರೆ. ಆಗಬಹುದು ಅನ್ನೋದು ಬೇರೆ, ಆಗಬೇಕು ಅನ್ನೋದು ಬೇರೆ’ ಎಂದ. ‘ಇದೇ ಮಾಡೋದಿದ್ರೆ ನಮ್ಮ ಹಿರಿಯರು ಪೋಲೆಂಡಲ್ಲೇ ಇರಬಹುದಿತ್ತು. ಅಲ್ಲಿ ಸ್ಟಾಷೆಕ್ ಒಲೆ ಹಚ್ತಿದ್ದ, ಇಲ್ಲಿ ಥಾಯ್ಲೆಂಡಿನೋನು ಹಾಲು ಕರೀತಾನೆ. ಅಷ್ಟಕ್ಕೆ ಇಷ್ಟು ದೂರ ಬರಬೇಕಿತ್ತಾ? ನಂಗೆ ಬೇಡ. ನಾನು ವಿರುದ್ಧ.’

ಅವನ ಊರಿನವರಲ್ಲೇ ಒಬ್ಬ, ‘ಹಂಗಾದ್ರೆ ಪ್ರತಿ ಶಬ್ಬಾತ್ ನೀನೇ ಬಾರಪ್ಪ’ ಎಂದ.

‘ಬರ್ತೀನಿ.’

‘ಒಬ್ಬನೇ?’

‘ಒಬ್ಬನ ಕೈಲಾಗಲ್ಲ’ ಎಂದಳು ಹೆಮ್ದಾ, ಕೂತಲ್ಲಿಂದಲೇ. ‘ನಾನೂ ವಿರುದ್ಧ. ನನಗೆ ಅವನ ದೇವರು ಬೇಡ, ಅವನಿಗೆ ನಮ್ಮಪ್ಪನ ಹಟ ಬೇಡ. ಆದ್ರೆ ಹಸುನ ಇನ್ನೊಬ್ಬರ ಕೈಲಿ ಕರೆಸಿ ನಾವು ಮನೇಲಿ ಕೂರೋದು ಇಬ್ಬರಿಗೂ ಬೇಡ. ಶಬ್ಬಾತ್ ಪಾಳಿಗೆ ಎರಡನೆ ಕೈ ನಂದು.’

ಸಭೆಯಲ್ಲಿ ಗಲಾಟೆಯಾಯಿತು. ಕ್ಫಾರ್ ಪಿನ್ಖಾಸ್‌ನ ಹಿರಿಯರೊಬ್ಬರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ‘ಹೆಮ್ದಾ, ನೀನು ಬರೋದಕ್ಕೆ ಸಂತೋಷ. ಆ ಹಿಡಿ?’

ಹೆಮ್ದಾ ಕಾಗದದ ಲೋಟವನ್ನು ಎರಡು ಸಲ ತಿರುಗಿಸಿದಳು.

‘ಮುಟ್ಟಲ್ಲ’ ಎಂದಳು.

‘ಹಾಲು ಚರಂಡಿಗೆ ಹೋದ್ರೂ?’

‘ಹೋದ್ರೂ. ನೋಡ್ಕೊಂಡು ನಿಂತಿರ್ತೀನಿ. ನಿಯಮ ಅಂತ ಅಲ್ಲ, ಮಾತು ಕೊಟ್ಟಿದೀನಿ ಅಂತ. ಆದ್ರೆ ನಂದೂ ಒಂದು ಷರತ್ತಿದೆ. ಯೋಮ್ ಕಿಪ್ಪೂರ್ ದಿನದ ಪಾಳಿಲೂ ನಾನಿರ್ತೀನಿ, ನನ್ನ ರೊಟ್ಟಿ ತರ್ತೀನಿ. ನಮ್ಮಪ್ಪ ತಿಂದ, ನಾನೂ ತಿಂತೀನಿ.’

ಕ್ಫಾರ್ ಪಿನ್ಖಾಸ್‌ನವರ ಮುಖ ಬಿಗಿಯಿತು. ಎಲ್ಯಾಕೀಮ್ ಮಾತ್ರ ಕೇಳಿದ, ‘ರಸ್ತೆ ಪಕ್ಕ ಕೂತಾ?’

‘ಇಲ್ಲ. ಹುಲ್ಲಿನ ಕೊಟ್ಟಿಗೆ ಹಿಂದೆ. ಉಪವಾಸ ಇರೋರ ಮುಂದೆ ತಿನ್ನೋಕೆ ನಂಗೇನು ಬಂದಿದೆ? ಅದು ನಮ್ಮಪ್ಪನ ಕಾಲಕ್ಕೆ ಸರಿ.’

‘ಬೆಣ್ಣೆ ಹಚ್ಚಿದ್ದೇ ತಾ. ಹಾಲಿರೋ ಹಟ್ಟಿಗೆ ಮಾಂಸ ತರಬೇಡ, ಎರಡೂ ಸೇರಬಾರದು.’

‘ನಂಗೆ ಮಾಂಸ ಹಿಡಿಸಲ್ಲ ಅಂತ ಗೊತ್ತಿಲ್ವಾ ನಿಂಗೆ? ಮೂರು ವರ್ಷದಿಂದ ಎದುರಿಗೇ ನಿಂತಿದೀಯ.’

ಗೆದಲ್ಯಾ ಎದ್ದು ನಿಂತ. ‘ಯಾವಾಗಮ್ಮ ಅವರ ಹೆಂಗಸರ ಹಾಗೆ ತಲೆಗೆ ಬಟ್ಟೆ ಕಟ್ಕೊಳ್ಳೋದು?’ ಎಂದು ಕೇಳಿದ. ದನಿಯಲ್ಲಿ ತಮಾಷೆ ಇರಲಿಲ್ಲ. ‘ಹಾಲು ಸುರಿಯೋದನ್ನ ನೋಡ್ತಾ ನಿಲ್ತಾಳಂತೆ. ಯೆರಖ್ಮಿಯೇಲ್ ಮಗಳು.’

‘ಕೂಲಿಯವರು ಕರೆದ ಹಾಲನ್ನ ಟ್ಯಾಂಕಲ್ಲಿ ನೋಡೋದಕ್ಕಿಂತ ಇದು ವಾಸಿ ಅಂತ ಅವನೂ ಅಂದಿರ್ತಿದ್ದ’ ಎಂದಳು ಹೆಮ್ದಾ.

‘ಅಂದಿರ್ತಿರ್ಲಿಲ್ಲ.’

‘ಇರಬಹುದು’ ಎಂದು ಅವಳು ಒಪ್ಪಿಕೊಂಡಳು. ‘ಅವನಿಗೆ ಹೀಗೆ ಎರಡರಲ್ಲಿ ಒಂದನ್ನ ಆರಿಸೋ ಪ್ರಸಂಗ ಬರ್ಲಿಲ್ಲ.’

ಮತ ಹಾಕಿದರು. ಹೊರಗಿನವರನ್ನು ಇಡುವ ಪ್ರಸ್ತಾಪ ಕೆಲವೇ ಕೈಗಳ ಅಂತರದಲ್ಲಿ ಬಿದ್ದಿತು. ಎರಡೂ ಊರುಗಳಲ್ಲಿ ಅದರ ಪರ ಕೈ ಎತ್ತಿದವರೇನೂ ಕಡಿಮೆ ಇರಲಿಲ್ಲ. ಪಾಲುದಾರಿಕೆಯನ್ನು ಒಂದು ವರ್ಷ ಮುಂದುವರಿಸಿ, ಆಮೇಲೆ ಮತ್ತೆ ಸಭೆ ಸೇರುವುದು ಎಂದಾಯಿತು. ಗೆದಲ್ಯಾ ಯಾವ ಕಡೆಗೂ ಮತ ಹಾಕದೆ ಹೊರಗೆ ಹೋದ. ಮರುದಿನ ಊಟದ ಮನೆಯಲ್ಲಿ ಅವನು ಬೇರೆ ಮೇಜಿಗೆ ಕೂತ. ಹೆಮ್ದಾ ತನ್ನ ಸೌತೆಕಾಯಿಯನ್ನು ತಾನೇ ಹೆಚ್ಚಿಕೊಂಡಳು.

ಗುರುವಾರ ಸಂಜೆಯ ಪಾಳಿಯಲ್ಲಿ ಅವಳು ಎಲ್ಯಾಕೀಮ್‌ನಿಂದ ಶಬ್ಬಾತ್‌ನ ಕ್ರಮ ಕೇಳಿ ತಿಳಿದುಕೊಂಡಳು. ಯಾವ ದೀಪ ಮೊದಲೇ ಹಾಕಿರಬೇಕು, ಬಟ್ಟಲು ಯಾವಾಗ ಸಿಕ್ಕಿಸಬೇಕು, ಹಸು ಒದ್ದು ಬಟ್ಟಲು ಬಿದ್ದರೆ ಏನು ಮಾಡಬಹುದು, ಏನು ಮಾಡಬಾರದು. ಎರಡು ಕಡೆ ಅವಳು ಇದಕ್ಕೆ ಅರ್ಥವಿಲ್ಲ ಎಂದಳು. ಒಂದು ಕಡೆ ಅವನೂ ಹೌದೆಂದ.

ಶಬ್ಬಾತ್‌ನ ಎರಡೂ ಪಾಳಿಗೆ ಇವರಿಬ್ಬರೇ. ಕೆಟ್ಟ ಗಡಿಯಾರದ ಬದಲಿ ಭಾಗ ಹೈಫಾ ಪಟ್ಟಣದಿಂದ ಬರುವುದು ಅದರ ಮರುದಿನ, ಭಾನುವಾರ. ಅಲ್ಲಿಯವರೆಗೆ ಶಬ್ಬಾತ್‌ನ ಹಾಲೆಲ್ಲ ಚರಂಡಿಗೇ.